ಬಿಳಿ ಬಟ್ಟೆ ಕೇಳುವ ಮುನ್ನ ನೀರು ನೋಡಿ

ಬಿಳಿ ಸಮವಸ್ತ್ರ ಕಡ್ಡಾಯ ಮಾಡಿರುವ ಶಾಲೆಗಳ ಆಡಳಿತ ಮಂಡಳಿಯವರಿಗೂ ಮುಖ್ಯೋಪಾಧ್ಯಾಯರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಹಲವರು ಶನಿವಾರಕ್ಕೆ ಬಿಳಿ ಅಂಗಿ, ಬಿಳಿ ಪ್ಯಾಂಟು ಅಥವಾ ಸ್ಕರ್ಟು, ಬಿಳಿ ಕ್ಯಾನ್ವಾಸ್ ಶೂ ಎಂದು ನಿಯಮ ಮಾಡಿದ್ದೀರಿ. ಕೆಲವು ಕಡೆ ಬುಧವಾರವೂ ಉಂಟು. ಮಕ್ಕಳು ಶುಭ್ರವಾಗಿ ಬರಲಿ, ಸಾಲಿನಲ್ಲಿ ಬಡವ ಬಲ್ಲಿದ ಎಂಬ ಭೇದ ಕಾಣದಿರಲಿ ಎಂಬುದು ನಿಮ್ಮ ಆಶಯ. ಆ ಆಶಯದ ಬಗ್ಗೆ ನನಗೆ ಗೌರವವಿದೆ. ಆದರೆ ಬಟ್ಟೆ ಬೆಳ್ಳಗಿರುತ್ತದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಅದನ್ನು ಒಗೆಯುವ ನೀರು. ನಮ್ಮ ಕೋಲಾರದ ಕಡೆಯ ನೀರು ಬಿಳಿ ಬಟ್ಟೆಗೆ ಹೇಳಿ ಮಾಡಿಸಿದ್ದಲ್ಲ. ಈ ಒಂದು ಮಾತು ನಿಮ್ಮ ಸುತ್ತೋಲೆಗಳಲ್ಲಿ ಎಲ್ಲೂ ಕಾಣದ್ದರಿಂದ ಈ ಪತ್ರ.

ಈಚೆಗೆ ನಮ್ಮ ಬೀದಿಯ ಏಳನೇ ತರಗತಿ ಹುಡುಗನೊಬ್ಬನ ಡೈರಿಯಲ್ಲಿ ಕೆಂಪು ಶಾಯಿಯ ಸಾಲೊಂದು ಬಂತು: ಸಮವಸ್ತ್ರ ಕೊಳಕಾಗಿದೆ, ಪೋಷಕರು ಗಮನಿಸಿ. ಅವನ ತಾಯಿ ಬೆಳಗಾಗುವ ಮುಂಚೆ ಫ್ಯಾಕ್ಟರಿ ಬಸ್ಸು ಹತ್ತಿ ಕತ್ತಲಾದ ಮೇಲೆ ಮನೆ ಸೇರುವವರು. ಆ ಅಂಗಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಕಾಲರಿನ ನೂಲು ಎದ್ದಿತ್ತು. ಕೊಳೆ ಎಂಬುದು ಇರಲಿಲ್ಲ. ಬೆನ್ನು, ತೋಳು, ಜೇಬು, ಕೊನೆಗೆ ಪ್ಯಾಂಟಿನೊಳಗೆ ಸೇರುವ ಅಂಚಿನವರೆಗೂ ಒಂದೇ ಸಮನೆ ಹರಡಿದ ಮಂಕು ಬಣ್ಣ ಮಾತ್ರ ಇತ್ತು. ಮೈಕೊಳೆಯಾದರೆ ಕಾಲರಿನಲ್ಲಿ, ಕಂಕುಳಲ್ಲಿ, ತೋಳಿನ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುತ್ತದೆ. ಅಂಗಿಯ ಉದ್ದಗಲಕ್ಕೂ ಒಂದೇ ಸಮ ಇದ್ದರೆ ಅದು ನೀರಿನ ಕೆಲಸ. ಆ ಕೆಂಪು ಸಾಲು ಆ ತಾಯಿಗೆ ಸಲ್ಲತಕ್ಕದ್ದಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಬಂಡೆಯ ಬಿರುಕುಗಳಲ್ಲಿ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುತ್ತವೆ. ಅದನ್ನು ಕಂಡುಕೊಳ್ಳಲು ಹೆಂಗಸರಿಗೆ ಪ್ರಯೋಗಾಲಯ ಬೇಕಿಲ್ಲ. ತೊಗರಿಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ, ಗೀಸರಿನ ಕಾಯಿಲ್ ಸುಣ್ಣ ಕಟ್ಟಿ ಸುಟ್ಟುಹೋಗುತ್ತದೆ, ಸ್ಟೀಲ್ ಲೋಟದ ಮೇಲೆ ಒರೆಸಿದರೂ ಹೋಗದ ಬಿಳಿ ಚುಕ್ಕೆ ಉಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಮಾಡಿರುವ ಐಎಸ್ 10500 ಮಾನಕದಲ್ಲಿ ಗಡಸುತನಕ್ಕೆ ಒಪ್ಪಬಹುದಾದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 600ರವರೆಗೂ ನಡೆಯಬಹುದು ಎಂದಿದೆ. ಇದು ಕುಡಿಯುವವರ ಲೆಕ್ಕ. ಬಿಳಿ ಅಂಗಿಗೆ 200 ಕೂಡ ಹೆಚ್ಚೇ.

ಇಂಥ ನೀರಿಗೆ ಬಿದ್ದ ಸೋಪು ಕೊಳೆಯ ತನಕ ಹೋಗುವುದೇ ಇಲ್ಲ. ಮೊದಲು ಕ್ಯಾಲ್ಸಿಯಂ ಜೊತೆ ಸೇರಿ, ನೀರಿನಲ್ಲಿ ಕರಗದ ಜಿಡ್ಡು ತೆಟ್ಟೆಯಾಗುತ್ತದೆ. ಒಗೆದಾದ ಮೇಲೆ ಬಕೆಟ್ಟಿನ ಒಳಗೋಡೆಗೆ ಬೂದು ಗೆರೆಯಾಗಿ ಅಂಟಿರುತ್ತದಲ್ಲ, ಅದೇ. ಆ ತೆಟ್ಟೆ ನೂಲಿನ ಸಂದಿಯಲ್ಲಿ ಕೂತು, ನೀರಿಗೆ ಬಿಟ್ಟ ಕೊಳೆಯನ್ನೂ ಹಿಡಿದು ಇಟ್ಟುಕೊಳ್ಳುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಹಚ್ಚಿದರೆ ಇನ್ನಷ್ಟು ತೆಟ್ಟೆ. ಸೋಪಿಗೆ ಹೆಚ್ಚು ದುಡ್ಡು ಸುರಿದು ಹೆಚ್ಚು ಉಜ್ಜಿದ ತಾಯಿಯ ಮಗುವಿನ ಅಂಗಿಯೇ ಹೆಚ್ಚು ಮಾಸುವುದುಂಟು.

ಇದೆಲ್ಲ ನಿಮ್ಮ ಶಾಲೆಯಲ್ಲಿ ಪಾಠ ಮಾಡುವ ವಿಷಯವೇ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠದ ಕೊನೆಯಲ್ಲಿ ಸಾಬೂನು ಮತ್ತು ಗಡಸು ನೀರಿನ ಚಟುವಟಿಕೆ ಇದೆ. ಮಳೆನೀರಿನಲ್ಲಿ ಸೋಪು ಕುಲುಕಿ ನೋಡು, ಗಡಸು ನೀರಿನಲ್ಲಿ ಕುಲುಕಿ ನೋಡು, ನೊರೆ ಎಲ್ಲಿ ಬಂತು, ತೆಟ್ಟೆ ಎಲ್ಲಿ ಕಟ್ಟಿತು ಬರೆ ಎಂದು ಮಕ್ಕಳನ್ನು ಕೇಳುತ್ತೀರಿ. ಸರಿಯಾಗಿ ಬರೆದ ಮಗುವಿಗೆ ಅಂಕ ಕೊಡುತ್ತೀರಿ. ಆ ಉತ್ತರ ಶನಿವಾರದ ಪ್ರಾರ್ಥನೆಯ ಸಾಲಿನಲ್ಲೂ ನಿಮಗೆ ನೆನಪಿರಬೇಕು ಎಂಬುದೇ ನನ್ನ ಬಿನ್ನಹ.

ಗಡಸು ನೀರಿನಲ್ಲಿ ಬಿಳಿ ಬಟ್ಟೆ ಒಗೆಯುವ ಸರಿಯಾದ ಕ್ರಮ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅದು ಎಷ್ಟು ಕೆಲಸ ಎಂಬುದು ನಿಮಗೆ ತಿಳಿಯಲಿ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ಬಿಳಿಯನ್ನು ಬೇರೆ ಬಟ್ಟೆಗಳಿಂದ ಬೇರ್ಪಡಿಸಬೇಕು, ಒಂದು ನೀಲಿ ಕಾಲುಚೀಲ ಒಳಗೆ ಉಳಿದರೂ ಕೆಲಸ ಕೆಟ್ಟಿತು. ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಪೂರ್ತಿ ಕರಗಿಸಬೇಕು. ಸೋಡಾ ಕ್ಯಾಲ್ಸಿಯಂ ಅನ್ನು ಹಿಡಿದು ತಳಕ್ಕಿಳಿಸುತ್ತದೆ, ಆಮೇಲೆ ಸೋಪಿನ ಪುಡಿಗೆ ಕೆಲಸ ಮಾಡಲು ದಾರಿ ಸಿಗುತ್ತದೆ. ನೀರು ಬೆಚ್ಚಗಿರಬೇಕು, ಕುದಿಯಬಾರದು. ಈಗಿನ ಒಳ್ಳೆಯ ಪುಡಿಗಳಲ್ಲಿ ಬೆವರು, ಎಣ್ಣೆ, ಗಂಜಿಯ ಕಲೆಗಳನ್ನು ಒಡೆಯುವ ಕಿಣ್ವಗಳಿರುತ್ತವೆ, ಕುದಿನೀರಿನಲ್ಲಿ ಅವು ಸತ್ತುಹೋಗುತ್ತವೆ. ಕಾಲರಿಗೆ ಪುಡಿಯನ್ನು ಕಲಸಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು. ಶಾಲೆಯವರು ಗೊತ್ತುಮಾಡಿದ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತ ಬಟ್ಟೆ. ಪಾಲಿಯೆಸ್ಟರಿಗೆ ಮೈಯ ಎಣ್ಣೆ ಎಂದರೆ ಬಲು ಪ್ರೀತಿ, ಹಿಡಿದರೆ ಬಿಡುವುದಿಲ್ಲ. ಇದಕ್ಕಿಂತ ಶುದ್ಧ ಹತ್ತಿಯ ಕಾಲರ್ ಒಗೆಯುವುದು ಸುಲಭ.

ಇನ್ನು ಜಾಲಿಸುವುದು. ಬಿಳಿ ಬಟ್ಟೆಯ ಅರ್ಧ ಭವಿಷ್ಯ ಇಲ್ಲಿದೆ. ನೀರು ತಿಳಿಯಾಗುವವರೆಗೆ ಮೂರು ಸಲವಾದರೂ ಜಾಲಿಸಬೇಕು. ಸೋಪು ಉಳಿದ ಬಟ್ಟೆ ಇಸ್ತ್ರಿಯ ಬಿಸಿಗೆ ಹಳದಿಯಾಗುತ್ತದೆ. ನೀರು ವಾರಕ್ಕೆರಡು ದಿನ ಬರುವ ಬೀದಿಯಲ್ಲಿ, ಟ್ಯಾಂಕರಿಗೆ ದುಡ್ಡು ಕೊಡುವ ಮನೆಯಲ್ಲಿ ಒಂದು ಜೊತೆ ಬಟ್ಟೆಗೆ ಮೂರು ಬಕೆಟ್ ಎಂದರೆ ಏನೆಂದು ಯೋಚಿಸಿ. ಕೊನೆಯ ಸಲ ಜಾಲಿಸಲು ಗಡಸು ನೀರನ್ನೇ ಬಳಸಿದರೆ ಅದರ ಲವಣ ಬಟ್ಟೆಯಲ್ಲೇ ಒಣಗುತ್ತದೆ. ಅದಕ್ಕೆ ನಮ್ಮಲ್ಲಿ ಕೆಲವರು ಶುದ್ಧ ನೀರಿನ ಘಟಕದಿಂದ ಕುಡಿಯಲು ತಂದ ಕ್ಯಾನನ್ನು ಬಗ್ಗಿಸಿ ನಾಲ್ಕು ಚೊಂಬು ನೀರನ್ನು ಮಗುವಿನ ಬಿಳಿ ಅಂಗಿಗೆ ಸುರಿಯುತ್ತಾರೆ. ಇನ್ನು ಕೆಲವರು ಮನೆಯ ಫಿಲ್ಟರಿನಿಂದ ಹೊರಬೀಳುವ ನೀರು ವ್ಯರ್ಥವಾಗದಿರಲಿ ಎಂದು ಅದರಲ್ಲಿ ಒಗೆಯುತ್ತಾರೆ. ಫಿಲ್ಟರು ಬೇಡವೆಂದು ತಳ್ಳಿದ ಲವಣವೆಲ್ಲ ಆ ನೀರಿನಲ್ಲೇ ಸೇರಿರುತ್ತದೆ. ನೆಲ ಒರೆಸಲು ಅದು ಸರಿ, ಬಿಳಿ ಬಟ್ಟೆಗೆ ದಯವಿಟ್ಟು ಬೇಡ.

ಇಷ್ಟಾದ ಮೇಲೆ ನೀಲಿ. ನೀಲಿ ಕೊಳೆ ತೆಗೆಯುವುದಿಲ್ಲ. ಹಳದಿಗಟ್ಟಿದ ಬಟ್ಟೆಯ ಮೇಲೆ ತೆಳ್ಳಗೆ ನೀಲಿ ಕೂತಾಗ ಕಣ್ಣಿಗೆ ಹಳದಿ ಮರೆಯಾಗಿ ಬಿಳುಪು ಕಾಣುತ್ತದೆ, ಅಷ್ಟೇ. ಹಿಂದೆ ನಮ್ಮ ಮನೆಗಳಲ್ಲಿ ರಾಬಿನ್ ಬ್ಲೂ ಪುಡಿಯನ್ನು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅದ್ದುತ್ತಿದ್ದರು, ಗೋಡೆಯ ಸುಣ್ಣಕ್ಕೂ ಅದನ್ನೇ ಬೆರೆಸುತ್ತಿದ್ದರು. 1983ರಲ್ಲಿ ಕೇರಳದ ತ್ರಿಶೂರಿನ ಕಡೆಯಿಂದ ಶುರುವಾದ ಉಜಾಲಾ ಬಂದ ಮೇಲೆ ಪುಡಿಯ ಕಾಲ ಹೋಗಿ ಹನಿಯ ಕಾಲ ಬಂತು. ಹನಿಯನ್ನು ಮೊದಲು ನೀರಿಗೆ ಬೆರೆಸಿ ಆಮೇಲೆ ಬಟ್ಟೆ ಅದ್ದಬೇಕು. ಅವಸರದಲ್ಲಿ ನೇರವಾಗಿ ಬಿದ್ದರೆ ಬೆನ್ನ ಮೇಲೆ ನೀಲಿ ಮಚ್ಚೆ. ಅಂಥ ಮಚ್ಚೆ ಹೊತ್ತ ಮಕ್ಕಳನ್ನು ನಿಮ್ಮ ಸಾಲಿನಲ್ಲಿ ನೀವು ನೋಡಿರುತ್ತೀರಿ. ರಾತ್ರಿ ಹನ್ನೊಂದಕ್ಕೆ, ಕರೆಂಟಿಲ್ಲದಾಗ ಒಗೆದ ಗುರುತು ಅದು.

ಅಂಗಡಿಯ ಹೊಸ ಅಂಗಿಯ ಬಿಳುಪನ್ನು ಅಳತೆಗೋಲು ಮಾಡಿಕೊಳ್ಳುವುದೂ ನ್ಯಾಯವಲ್ಲ. ಮಗ್ಗದಿಂದ ಇಳಿದ ಹತ್ತಿ ಬಟ್ಟೆಯ ಸ್ವಂತ ಬಣ್ಣ ಕೆನೆ ಬಣ್ಣ. ಗಿರಣಿಯಲ್ಲಿ ಅದನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬೆಳ್ಳಗೆ ಮಾಡಿ, ಮೇಲೊಂದು ಹೊಳಪಿನ ರಾಸಾಯನಿಕ ಹಿಡಿಸುತ್ತಾರೆ. ಅದು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. 1929ರಲ್ಲಿ ಜರ್ಮನಿಯ ಪೌಲ್ ಕ್ರೈಸ್ ಹಾರ್ಸ್ ಚೆಸ್ಟ್‌ನಟ್ ಮರದ ಸಾರ ಹಿಡಿಸಿದ ಬಟ್ಟೆ ಹೆಚ್ಚು ಬೆಳ್ಳಗೆ ಕಾಣುವುದನ್ನು ತೋರಿಸಿದಲ್ಲಿಂದ ಈ ವಿದ್ಯೆ ಬೆಳೆಯಿತು. ಬಿಸಿಲಿಗೆ, ಒಗೆತಕ್ಕೆ ಆ ಹೊಳಪು ಸವೆಯುತ್ತ ಹೋಗುತ್ತದೆ. ಜೂನ್ ತಿಂಗಳ ಅಂಗಿ ಜನವರಿಯಲ್ಲಿ ಹಾಗೇ ಇರಬೇಕು ಎಂದರೆ ಅದು ಯಾರ ಕೈಯಲ್ಲೂ ಆಗದ ಕೆಲಸ.

ಆಗದ್ದನ್ನು ಆಗಿಸಲು ಹೋಗಿ ಮನೆಗಳಲ್ಲಿ ಅಪಾಯಕ್ಕೆ ಕೈ ಹಾಕುತ್ತಾರೆ. ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಬ್ಲೀಚಿಂಗ್ ಪುಡಿ, ಬ್ಲೀಚ್ ದ್ರಾವಣ ಹತ್ತಿ ಬಟ್ಟೆಗೆ ಅಳತೆಯಲ್ಲಿ ನಡೆದೀತು, ಪದೇ ಪದೇ ಹಾಕಿದರೆ ನೂಲು ಸತ್ತು ಮಂಡಿಯಲ್ಲಿ, ಮೊಣಕೈಯಲ್ಲಿ ಹರಿಯುತ್ತದೆ. ಹಿಗ್ಗುವ ನೂಲು ಇರುವ ಕಾಲುಚೀಲ, ಒಳಉಡುಪು ಬ್ಲೀಚಿಗೆ ಬೆಳ್ಳಗಾಗುವ ಬದಲು ಹಳದಿಯಾಗುತ್ತವೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಬಟ್ಟೆಗೇ ಕೂರಿಸುತ್ತದೆ. ಇದೆಲ್ಲ ಬಟ್ಟೆಯ ನಷ್ಟ, ಹೋಗಲಿ. ಕಲೆ ಹೋಗಲಿಲ್ಲವೆಂದು ಬ್ಲೀಚಿನ ಬಕೆಟ್ಟಿಗೇ ನಿಂಬೆರಸ, ವಿನಿಗರ್, ಇಲ್ಲವೇ ಪಾಯಿಖಾನೆ ತೊಳೆಯುವ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ತಾಯಂದಿರೇ, ಈ ಪತ್ರ ನಿಮ್ಮ ಕಣ್ಣಿಗೂ ಬಿದ್ದರೆ ಇದೊಂದನ್ನು ಮರೆಯಬೇಡಿ: ಬ್ಲೀಚಿಗೆ ನೀರಲ್ಲದೆ ಬೇರೇನನ್ನೂ ಬೆರೆಸಬಾರದು. ಬೆಳ್ಳಗೆ ಮಾಡಲೇಬೇಕಿದ್ದರೆ ಆಮ್ಲಜನಕ ಬಿಡುವ ಸೋಡಿಯಂ ಪರ್ಕಾರ್ಬೊನೇಟಿನ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ನೆನೆಸಿಡಿ. ಅದು ನಿಧಾನ, ಆದರೆ ಅದರಿಂದ ಕ್ಲೋರಿನ್ ಏಳುವ ಭಯವಿಲ್ಲ.

ಮಕ್ಕಳ ಕಲೆಗಳಿಗೂ ಒಂದೊಂದು ಸ್ವಭಾವ. ಡಬ್ಬಿಯ ಚಿತ್ರಾನ್ನ ಮಡಿಲಿಗೆ ಬಿತ್ತೆನ್ನಿ. ಶಾಲೆಯ ನಲ್ಲಿಯಲ್ಲಿ ಕೈತೊಳೆಯುವ ಸೋಪು ಉಜ್ಜಿದೊಡನೆ ಹಳದಿ ಕಲೆ ರಕ್ತಗೆಂಪಾಗುತ್ತದೆ, ಮಗು ಹೆದರುತ್ತದೆ. ಸೋಪು ಕ್ಷಾರ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುವ ವಸ್ತು. ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿ ಒದ್ದೆಯಲ್ಲೇ ಬಿಸಿಲಿಗೆ ಹರವಿದರೆ ಬೆಳಕಿಗೆ ಆ ಬಣ್ಣ ಒಡೆದು, ಕಲೆ ನೋಡುತ್ತ ನೋಡುತ್ತ ತಿಳಿಯಾಗುತ್ತದೆ. ಅರಿಶಿನಕ್ಕೆ ನಮ್ಮ ಬಯಲುಸೀಮೆಯ ಬಿಸಿಲಿಗಿಂತ ದೊಡ್ಡ ಸೋಪಿಲ್ಲ. ಕೆಮ್ಮಣ್ಣಿನದು ಬೇರೆ ಕಥೆ. ಒದ್ದೆಯಿದ್ದಾಗ ಉಜ್ಜಿದರೆ ಮಣ್ಣು ಒಳಕ್ಕೆ ಇಳಿಯುತ್ತದೆ, ಒಣಗಿಸಿ ಕೊಡವಿ ಆಮೇಲೆ ಒಗೆಯಬೇಕು. ಬಾಳೆಯ ಕರೆ ಒಣಗಿ ಕಂದಾದರೆ ಹೋಗುವುದೇ ಇಲ್ಲ. ಶನಿವಾರವೇ ಆಟೋಟದ ಪೀರಿಯಡ್ ಇಟ್ಟು, ಕೆಮ್ಮಣ್ಣಿನ ಮೈದಾನಕ್ಕೆ ಬಿಳಿ ಬಟ್ಟೆಯಲ್ಲಿ ಮಕ್ಕಳನ್ನು ಇಳಿಸುವ ಶಾಲೆಗಳಿವೆ. ಬಟ್ಟೆ ಕೆಟ್ಟೀತೆಂದು ಗೋಡೆಗೊರಗಿ ನಿಂತ ಮಕ್ಕಳನ್ನು ಅಲ್ಲಿ ಕಾಣಬಹುದು. ಆಡಬೇಕಾದ ವಯಸ್ಸಿನಲ್ಲಿ ಬಟ್ಟೆ ಕಾಯುವುದು ಯಾವ ಶಿಸ್ತು?

ನಮ್ಮ ಅಜ್ಜಂದಿರ ಪಂಚೆ ಬೆಳ್ಳಗಿರಲಿಲ್ಲವೇ ಎಂದು ಸಭೆಯೊಂದರಲ್ಲಿ ಹಿರಿಯರೊಬ್ಬರು ಕೇಳಿದರು. ಇತ್ತು, ಸ್ವಾಮಿ. ಅದು ಕೆರೆಯ ನೀರಿನಲ್ಲಿ ಒಗೆದ ಪಂಚೆ. ಕೆರೆಯಲ್ಲಿ ನಿಲ್ಲುವುದು ಮಳೆಯ ನೀರು, ಆಳದ ಕೊಳವೆಬಾವಿಯ ನೀರಿಗಿಂತ ಅದು ಮೆದು. ಮಡಿವಾಳರು ಚೌಳು ಮಣ್ಣು ಹಚ್ಚಿ, ಉಬ್ಬೆಗೆ ಹಾಕಿ ಬೇಯಿಸಿ, ಬಂಡೆಗೆ ಬಡಿದು, ಹುಲ್ಲಿನ ಮೇಲೆ ಹರವಿ ಬಿಸಿಲು ಕೊಟ್ಟು, ಗಂಜಿ ಹಾಕಿ ಮನೆಗೆ ತಂದುಕೊಡುತ್ತಿದ್ದರು. ಚೌಳು ಮಣ್ಣಿನಲ್ಲಿದ್ದದ್ದೂ ಸೋಡಾದ ಜಾತಿಯ ಕ್ಷಾರವೇ. ಒಂದು ಇಡೀ ಸಮುದಾಯ ಹೊತ್ತುಕೊಂಡಿದ್ದ ಆ ಕೆಲಸ ಇಂದು ಫ್ಯಾಕ್ಟರಿಯಿಂದ ಬಂದ ಒಬ್ಬ ಹೆಂಗಸಿನ ರಾತ್ರಿಗೆ ಬಂದು ಕೂತಿದೆ. ಕೆರೆಗಳ ಸ್ಥಿತಿ ನಿಮಗೇ ಗೊತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಅಂತರ್ಜಲ ಏರಲಿ ಎಂಬ ಉದ್ದೇಶದಿಂದ. ಆ ದಂಡೆಯಲ್ಲಿ ಬಿಳಿ ಬಟ್ಟೆ ಒಗೆಯಿರಿ ಎಂದು ನೀವೂ ಹೇಳಲಾರಿರಿ.

ಈಗ ಹೆಣ್ಣುಮಕ್ಕಳ ಮಾತು. ಇದನ್ನು ಪೋಷಕರ ಸಭೆಯಲ್ಲಿ ಯಾರೂ ಎದ್ದು ನಿಂತು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಐದನೇ ತರಗತಿ ದಾಟಿದ ಹುಡುಗಿಯರಿಗೆ ಬಿಳಿ ಸ್ಕರ್ಟು, ಬಿಳಿ ಸಲ್ವಾರ್ ತೊಡಿಸುವುದು ಕ್ರೂರವಾದ ನಿಯಮ. ಮುಟ್ಟು ಬುಧವಾರ, ಶನಿವಾರ ನೋಡಿ ಬರುವುದಿಲ್ಲ. ಬೆಂಚಿನಿಂದ ಏಳುವ ಮುನ್ನ ಗೆಳತಿಗೆ ಹಿಂದೆ ನೋಡು ಎಂದು ಪಿಸುಗುಟ್ಟುವ ಹುಡುಗಿಗೆ ಆ ದಿನ ನಿಮ್ಮ ಪಾಠ ಕಿವಿಗೆ ಬಿದ್ದಿರುವುದಿಲ್ಲ. ಹೊಟ್ಟೆನೋವು ಎಂದು ಶನಿವಾರ ರಜೆ ಹಾಕುವವರಲ್ಲಿ ಎಷ್ಟೋ ಮಂದಿಗೆ ನೋವಿಗಿಂತ ಬಟ್ಟೆಯ ಭಯ ದೊಡ್ಡದು. ಬಿಳಿ ಉಡುಪಿನ ವಿಷಯದಲ್ಲಿ ಅತ್ಯಂತ ಹಟಮಾರಿ ಎನಿಸಿಕೊಂಡಿದ್ದ ವಿಂಬಲ್ಡನ್ ಟೆನಿಸ್ ಕೂಡ ಆಟಗಾರ್ತಿಯರ ಈ ಆತಂಕಕ್ಕೆ ಕಿವಿಗೊಟ್ಟು, 2023ರಿಂದ ಅವರಿಗೆ ಕಡು ಬಣ್ಣದ ಒಳಚಡ್ಡಿ ತೊಡಲು ಅವಕಾಶ ಕೊಟ್ಟಿತು. ಲೋಕವೇ ನೋಡುವ ಅಂಗಳದ ನಿಯಮ ಬದಲಾಗುವುದಾದರೆ ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆಯ ನಿಯಮ ಬದಲಾಗಲು ಅಡ್ಡಿಯೇನು? ಇನ್ನು ಮುಟ್ಟಿನ ಕಲೆಯನ್ನು ಕೂಡಲೇ ತಣ್ಣೀರಿನಲ್ಲಿ ನೆನೆಸಬೇಕು, ಬಿಸಿನೀರು ತಾಗಿದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಕೂತುಬಿಡುತ್ತದೆ. ನಿಮ್ಮ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಶನಿವಾರ ಮಧ್ಯಾಹ್ನ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿನ ಚಿಲಕ ಸರಿಯಿದೆಯೇ, ಒಮ್ಮೆ ಹೋಗಿ ನೋಡಿಸಿ.

ಈ ಬಿಳುಪಿನ ಬೆಲೆ ತೆರುವವರು ಯಾರು ಎಂಬುದಕ್ಕೆ ಸರ್ಕಾರದ ಅಂಕಿಯೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಮಾಡುವ ಗಂಡಸರದು 97 ನಿಮಿಷ. ಆ ಕೆಲಸಕ್ಕೆ ಕೈ ಹಾಕುವ ಗಂಡಸರಾದರೂ ನೂರರಲ್ಲಿ 26 ಮಂದಿ, ಹೆಂಗಸರು 81. ನೀವು ವಾರಕ್ಕೊಂದು ಬಿಳಿ ದಿನ ಹೆಚ್ಚಿಸಿದಾಗ ಅದು ಬಂದು ಸೇರುವುದು ಈ 299ಕ್ಕೆ. ಬಟ್ಟೆ ಒಗೆಯುವುದು ಹೆಂಗಸರಿಗಷ್ಟೇ ಸೇರಿದ ಕೆಲಸವೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಕಲ್ಯಾಣದ ಶರಣರ ಬಟ್ಟೆ ಒಗೆದರು. ಕಾಯಕ ಮಾಡದವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ಅವರ ಜಯಂತಿಗೆ ಫೋಟೋ ಇಟ್ಟು ಹೂ ಹಾಕುವ ಶಾಲೆಗಳಲ್ಲಿ, ತನ್ನ ಬಟ್ಟೆ ತಾನು ಒಗೆದುಕೊಳ್ಳುವುದನ್ನು ಮಕ್ಕಳಿಗೆ, ಮುಖ್ಯವಾಗಿ ಗಂಡುಮಕ್ಕಳಿಗೆ, ಕಲಿಸುವ ಒಂದು ಪೀರಿಯಡ್ ಏಕಿರಬಾರದು? ಸೋಡಾ ಏಕೆ, ಬೆಚ್ಚಗಿನ ನೀರು ಏಕೆ, ಜಾಲಿಸುವುದು ಏಕೆ ಎಂದು ರಸಾಯನಶಾಸ್ತ್ರದ ಮೇಷ್ಟ್ರೇ ಬಕೆಟ್ ಇಟ್ಟುಕೊಂಡು ತೋರಿಸಲಿ. ಮಾಡಿದ ಪಾಠ ಮರೆಯುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ವರ್ಷದ ಸಮವಸ್ತ್ರದ ಆರ್ಡರ್ ಕೊಡುವ ಮುನ್ನ ಶಾಲೆಯ ಕೊಳವೆಬಾವಿಯ ನೀರಿನ ಗಡಸುತನ ಪರೀಕ್ಷಿಸಿ, ಫಲಿತಾಂಶವನ್ನು ಪೋಷಕರ ಮುಂದಿಡಿ. ಬಿಳಿಯ ಬದಲು ತಿಳಿ ನೀಲಿ, ಬೂದು, ಕಂದು, ಯಾವುದಾದರೂ ಮಣ್ಣು ಸಹಿಸುವ ಬಣ್ಣ ಆರಿಸಿ. ಈಗಾಗಲೇ ಕೊಂಡ ಬಿಳಿ ಬಟ್ಟೆ ಹರಿಯುವವರೆಗೆ ಮಕ್ಕಳು ಹಾಕಿಕೊಳ್ಳಲಿ, ಹೊಸದು ಕೊಳ್ಳಲು ಒತ್ತಾಯ ಬೇಡ. ಬಿಳಿಯೇ ಬೇಕೆಂದು ಹಟವಿದ್ದರೆ ಅಂಗಿಗೆ ಮಾತ್ರ ಇರಲಿ, ಹೆಣ್ಣುಮಕ್ಕಳ ಸ್ಕರ್ಟು, ಸಲ್ವಾರಿಗೆ ಕಡು ಬಣ್ಣ ಕೊಡಿ, ಬಟ್ಟೆ ಹತ್ತಿಯದಿರಲಿ. ಆ ದಿನ ಮೈದಾನದ ಪೀರಿಯಡ್ ಬೇಡ.

ಇವಕ್ಕೆಲ್ಲ ಸಭೆ ಕರೆಯಬೇಕು, ಠರಾವು ಆಗಬೇಕು, ಸಮಯ ಹಿಡಿಯುತ್ತದೆ ಎನ್ನುವುದಾದರೆ ಒಪ್ಪುತ್ತೇನೆ. ಒಂದಕ್ಕೆ ಮಾತ್ರ ಯಾವ ಸಭೆಯೂ ಬೇಕಿಲ್ಲ. ಬಟ್ಟೆ ಮಾಸಿದೆ ಎಂದು ಮಗುವನ್ನು ಸಾಲಿನಿಂದ ಆಚೆ ನಿಲ್ಲಿಸುವುದನ್ನು, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದನ್ನು ಈ ಶನಿವಾರದಿಂದಲೇ ನಿಲ್ಲಿಸಿ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ತಾಯಿ